ಕಂಪ್ಯೂಟರಿಗೂ ಇರಲಿ ಒಂದು ಮನೆಲೆಕ್ಕ

ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ಉಳಿತಾಯಕ್ಕಷ್ಟೇ ಅಲ್ಲ, ಖರ್ಚಿಗೂ ಸಲ್ಲುತ್ತದೆ. ಮನೆಯ ಕಂಪ್ಯೂಟರನ್ನೇ ನೋಡಿ. ಕಾಲೇಜಿಗೆ ಸೇರಿದ ಮಗ ‘ಅಪ್ಪಾ, ರ‍್ಯಾಮ್ ಸಾಲದು’ ಎನ್ನುತ್ತಾನೆ. ಓದುವ ಹುಡುಗ ಕೇಳಿದಾಗ ಇಲ್ಲ ಎನ್ನಲಾದೀತೆ? ತಂದುಕೊಡುತ್ತಾರೆ. ಆರು ತಿಂಗಳಿಗೆ ಪ್ರೊಸೆಸರ್ ಹಳೆಯದೆನಿಸುತ್ತದೆ. ಹೊಸದಕ್ಕೆ ಹಳೆಯ ಮದರ್‌ಬೋರ್ಡ್ ಒಗ್ಗುವುದಿಲ್ಲ. ಬೋರ್ಡ್ ಬದಲಿಸಿದರೆ ಮೊನ್ನೆ ತಂದ ರ‍್ಯಾಮ್ ಕೂರುವುದಿಲ್ಲ; ಡಿಡಿಆರ್4 ರ‍್ಯಾಮ್ ಡಿಡಿಆರ್5 ಸ್ಲಾಟಿಗೆ ಹೊಂದುವುದೇ ಇಲ್ಲ. ‘ನನ್ನ ಮಿಕ್ಸಿಗೆ ಒಂದು ಜಾರ್ ಕೇಳಿ ಎರಡು ವರ್ಷವಾಯಿತು’ ಎಂದು ಅಡುಗೆಮನೆಯಿಂದ ದನಿ ಕೇಳಿದಾಗಲೇ ಅಪ್ಪನಿಗೆ ಹಳ್ಳದ ಆಳ ತಿಳಿಯುವುದು.

ಹಾಗೆಂದು ಬಿಡಿಭಾಗ ಬದಲಿಸುವುದೇ ದಂಡವಲ್ಲ. ಕ್ರಮ ತಪ್ಪಿದರೆ ದಂಡ. ಮೊದಲು ನೋಡಬೇಕಾದದ್ದು ಅಂಗಡಿಯನ್ನಲ್ಲ, ಟಾಸ್ಕ್ ಮ್ಯಾನೇಜರನ್ನು. ಕೆಲಸ ನಡೆಯುವಾಗ ಅದನ್ನು ತೆರೆದರೆ ಮೆಮೊರಿ ತುಂಬಿದೆಯೋ, ಡಿಸ್ಕ್ ಏದುಸಿರು ಬಿಡುತ್ತಿದೆಯೋ ಗೊತ್ತಾಗುತ್ತದೆ. ಇನ್ನೂ ಹಾರ್ಡ್ ಡಿಸ್ಕ್‌ನಿಂದಲೇ ಓಡುವ ಯಂತ್ರಕ್ಕೆ ಒಂದು ಎಸ್‌ಎಸ್‌ಡಿ ಹಾಕಿದರೆ ಎಷ್ಟೋ ಸಲ ಬೇರೇನೂ ಬೇಕಾಗುವುದಿಲ್ಲ.

ಎರಡನೆಯದು, ಮುಂದಿನ ಯಂತ್ರಕ್ಕೂ ಒದಗುವ ವಸ್ತುವಿಗೆ ಧಾರಾಳವಾಗಿ ಖರ್ಚು ಮಾಡಬಹುದು. ಮಾನಿಟರ್, ಕೀಬೋರ್ಡ್, ಎಸ್‌ಎಸ್‌ಡಿ, ಒಳ್ಳೆಯ ಎಸ್‌ಎಂಪಿಎಸ್ ಈ ಗುಂಪಿನವು. ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರೂ ಒಂದಕ್ಕೊಂದು ಜೋಡು. ಬೋರ್ಡನ್ನೇ ಬದಲಿಸಬೇಕಾಗಿ ಬಂದರೆ ಅದು ರಿಪೇರಿಯಲ್ಲ, ಹೊಸ ಕಂಪ್ಯೂಟರ್ ಎಂದೇ ತಿಳಿದು ಹಣ ಕೂಡಿಡಬೇಕು.

ಹಳೆಯ ಯಂತ್ರಕ್ಕೆ ಹಣ ಹಾಕುವ ಮುನ್ನ ಇನ್ನೊಂದು ಪರೀಕ್ಷೆ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಮಾತ್ರವಲ್ಲದೆ ಟಿಪಿಎಂ 2.0 ಮತ್ತು ತನ್ನ ಪಟ್ಟಿಯಲ್ಲಿರುವ ಪ್ರೊಸೆಸರನ್ನು ಕೇಳುತ್ತದೆ. ಇವು ಇಲ್ಲದ ಯಂತ್ರಕ್ಕೆ ಎಷ್ಟು ರ‍್ಯಾಮ್ ತುರುಕಿದರೂ ಆ ಬಾಗಿಲು ತೆರೆಯದು. ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಂಡು ಇನ್ನೆರಡು ವರ್ಷ ದೂಡಬಹುದು.

ಕೊಳ್ಳುವಾಗ, ಅದು ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ ಊರಿನ ಅಂಗಡಿಯಾಗಲಿ, ಹೇಳಿದ ಬೆಲೆಯಲ್ಲಿ ಜಿಎಸ್‌ಟಿ ಸೇರಿದೆಯೇ ಎಂದು ಕೇಳಿ ರಸೀದಿ ಪಡೆಯಬೇಕು. ರಸೀದಿ ಇಲ್ಲದಿದ್ದರೆ ವಾರಂಟಿ ಕೇಳಲು ಬಾಯಿರುವುದಿಲ್ಲ.

ಕೊನೆಯದು, ಹಾಲು, ದಿನಸಿ ಬರೆಯುವ ಪುಸ್ತಕದಲ್ಲೇ ಕಂಪ್ಯೂಟರಿಗೂ ಒಂದು ಪುಟ. ತಂದ ತಾರೀಕು, ಬೆಲೆ, ವಾರಂಟಿ ಮುಗಿಯುವ ದಿನ, ಜೊತೆಗೆ ‘ಏಕೆ ಬೇಕಾಯಿತು’ ಎಂಬ ಒಂದು ಸಾಲು. ಆ ಸಾಲನ್ನು ಮಗನೋ ಮಗಳೋ ಸ್ವಂತ ಕೈಯಲ್ಲಿ ಬರೆಯಲಿ. ಬರೆಯಲು ಕುಳಿತಾಗ ಅರ್ಧ ಬೇಡಿಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ. ಉಳಿದ ಅರ್ಧಕ್ಕೆ ಅಪ್ಪ ಅಮ್ಮ ಗೊಣಗದೆ ಹಣ ಕೊಡುತ್ತಾರೆ.