ಪರವೂರಿನಲ್ಲಿ ನಮ್ಮವರೊಬ್ಬರು

ಸಹೋದರಿಯರೇ, ಮಗಳು ಓದಲೆಂದು ಊರು ಬಿಡುವಾಗ ನೀವು ಮೊದಲು ಏನನ್ನು ವಿಚಾರಿಸುತ್ತೀರಿ? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ತಾಯಂದಿರು ಸಲಹೆ ಕೇಳಲು ನನ್ನ ಬಳಿ ಬಂದರೆ ಹೆಚ್ಚಿನವರ ಮೊದಲ ಮಾತು ಒಂದೇ: “ಹಾಸ್ಟೆಲ್ ಗೇಟ್ ಸಂಜಿಗೆ ಎಷ್ಟಕ್ಕ ಹಾಕ್ತಾರ್ರೀ ಟೀಚರ್?” ಹೆತ್ತ ಕರುಳಿನ ಪ್ರಶ್ನೆ ಅದು, ಕೇಳಲೇಬೇಕು. ಆದರೆ ಅದರಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ಅದನ್ನು ಹೇಳುವ ಮೊದಲು ನಿಮಗೆ ಒಬ್ಬ ಅಧ್ಯಾಪಕರ ಪರಿಚಯ ಮಾಡಿಕೊಡುತ್ತೇನೆ.

ಅವರ ಹೆಸರನ್ನು ನಾನು ಮೊದಲು ಕೇಳಿದ್ದು ಮದ್ರಸದ ಉರ್ದು ತರಗತಿಯಲ್ಲಿ. ಅಲ್ಲಾಮಾ ಇಕ್ಬಾಲರ ‘ನಾಲಾ-ಎ-ಫಿರಾಖ್’ ಕವಿತೆಯ ಪಾಠ ನಡೆದಿತ್ತು. ಅಗಲಿಕೆಯ ಅಳಲು ಎಂದು ಅದರ ಅರ್ಥ. ಯಾರ ಅಗಲಿಕೆ? ತಾಯಿಯದೋ, ಗೆಳೆಯನದೋ ಎಂದು ನಾವು ಹುಡುಗಿಯರು ಊಹಿಸುತ್ತಿದ್ದರೆ ನಮ್ಮ ಆಪಾ ನಕ್ಕು, “ಇಂಗ್ಲೆಂಡಿನ ಒಬ್ಬ ಪ್ರೊಫೆಸರರದು” ಎಂದರು. ನಮಗೆಲ್ಲ ಆಶ್ಚರ್ಯ. ಅವರೇ ಥಾಮಸ್ ವಾಕರ್ ಅರ್ನಾಲ್ಡ್. ಮುಂದೆ ನಾನು ಬಿ.ಎ. ಓದುವಾಗ ಇತಿಹಾಸದ ಪುಸ್ತಕಗಳಲ್ಲಿ ಅವರು ಮತ್ತೆ ಎದುರಾದರು.

1864ರಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದ ಅರ್ನಾಲ್ಡ್, 1888ರಲ್ಲಿ ಸರ್ ಸಯ್ಯದ್ ಅಹ್ಮದ್ ಖಾನರ ಅಲಿಗಢ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ಕಲಿಸಲು ಬಂದವರು ಕಲಿಯಲೂ ಕುಳಿತರು. ಅಲ್ಲಿಯೇ ಪಾಠ ಹೇಳುತ್ತಿದ್ದ ಮೌಲಾನಾ ಶಿಬ್ಲಿ ನೂಮಾನಿಯವರಿಂದ ಅರಬಿ ಕಲಿತರು, ಅವರಿಗೆ ಫ್ರೆಂಚ್ ಕಲಿಸಿದರು. 1892ರಲ್ಲಿ ಇಬ್ಬರೂ ಒಂದೇ ಹಡಗಿನಲ್ಲಿ ಹೊರಟಿದ್ದರು. ಏಡನ್ ದಾಟಿದ ಮೇಲೆ ಹಡಗಿನ ಎಂಜಿನ್ ಕೆಟ್ಟಿತು. ಗಾಬರಿಯಿಂದ ಓಡಿ ಬಂದ ಶಿಬ್ಲಿಯವರಿಗೆ ಕಂಡದ್ದು ಶಾಂತವಾಗಿ ಪುಸ್ತಕ ಓದುತ್ತಿದ್ದ ಅರ್ನಾಲ್ಡ್. ಹಡಗು ಮುಳುಗುವುದೇ ನಿಜವಾದರೆ ಉಳಿದಿರುವ ಈ ಸ್ವಲ್ಪ ಹೊತ್ತನ್ನು ವ್ಯರ್ಥ ಮಾಡಬಾರದಲ್ಲವೇ ಎಂಬುದು ಅವರ ಉತ್ತರವಾಗಿತ್ತು. ಇದನ್ನು ಶಿಬ್ಲಿಯವರೇ ತಮ್ಮ ಪ್ರವಾಸ ಕಥನದಲ್ಲಿ ಬರೆದಿದ್ದಾರೆ.

ಅರ್ನಾಲ್ಡರ ‘ದಿ ಪ್ರೀಚಿಂಗ್ ಆಫ್ ಇಸ್ಲಾಮ್’ ಗ್ರಂಥ 1896ರಲ್ಲಿ ಹೊರಬಂತು. ಇಸ್ಲಾಮ್ ಹರಡಿದ್ದು ಖಡ್ಗದಿಂದಲ್ಲ, ಸೂಫಿಗಳು ಮತ್ತು ವ್ಯಾಪಾರಿಗಳ ಶಾಂತಿಯುತ ಬೋಧನೆಯಿಂದ ಎಂದು ಅದರಲ್ಲಿ ವಾದಿಸಿದರು. ಗುಲ್ಬರ್ಗಾದ ಖಾಜಾ ಬಂದೇನವಾಜರ ಹೆಸರೂ ನಮ್ಮ ಬಿಜಾಪುರದ ಹೆಸರೂ ಆ ಪುಸ್ತಕದಲ್ಲಿವೆ.

1898ರಲ್ಲಿ ಅವರು ಲಾಹೋರಿನ ಸರಕಾರಿ ಕಾಲೇಜಿಗೆ ಹೋದರು. ಯುವಕ ಇಕ್ಬಾಲ್ ಅವರ ಶಿಷ್ಯರಾದದ್ದು ಅಲ್ಲಿಯೇ. 1904ರಲ್ಲಿ ಗುರುಗಳು ಇಂಗ್ಲೆಂಡಿಗೆ ಮರಳಿದರು. ನಮ್ಮ ಆಪಾ ಓದಿಸಿದ ಕವಿತೆ ಆ ನೋವಿನದು. ಮರುವರ್ಷವೇ ಶಿಷ್ಯರೂ ಕೇಂಬ್ರಿಜ್‌ಗೆ ಹೊರಟರು. ಈಗ ಪಾತ್ರ ಅದಲುಬದಲಾಯಿತು: ಪರದೇಶಿಯಾಗಿದ್ದ ಗುರು ತನ್ನ ನೆಲದಲ್ಲಿ, ಶಿಷ್ಯ ಪರದೇಶಿ.

ಆ ದಿನಗಳಲ್ಲಿ ಇಕ್ಬಾಲರಿಗೆ ಕವಿತೆ ಬರೆಯುವುದನ್ನೇ ಬಿಟ್ಟುಬಿಡಬೇಕು ಎನ್ನಿಸಿತು. ಆ ಸಮಯವನ್ನು ಇನ್ನಾವುದಾದರೂ ಪ್ರಯೋಜನದ ಕೆಲಸಕ್ಕೆ ಕೊಡಬೇಕೆಂದು ಅವರ ಯೋಚನೆ. ಗೆಳೆಯ ಅಬ್ದುಲ್ ಖಾದಿರ್ ಒಪ್ಪಲಿಲ್ಲ. ಕೊನೆಗೆ ಅರ್ನಾಲ್ಡರು ಹೇಳಿದಂತೆ ಆಗಲಿ ಎಂದು ಇಬ್ಬರೂ ಒಪ್ಪಿಕೊಂಡರು. ನಿಮ್ಮ ಕವಿತೆಗೆ ಹೋಗುವ ಸಮಯ ನಿಮಗೂ ನಿಮ್ಮ ದೇಶಕ್ಕೂ ಲಾಭದ್ದೇ ಎಂದರು ಗುರುಗಳು. ಇಕ್ಬಾಲ್ ಬರೆಯುವುದನ್ನು ಬಿಡಲಿಲ್ಲ. ‘ಬಾಂಗ್-ಎ-ದರಾ’ದ ಮುನ್ನುಡಿಯಲ್ಲಿ ಅಬ್ದುಲ್ ಖಾದಿರರೇ ಇದನ್ನು ದಾಖಲಿಸಿದ್ದಾರೆ. 1908ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಸಂಶೋಧನಾ ಪ್ರಬಂಧವನ್ನು ಇಕ್ಬಾಲ್ ಈ ಗುರುವಿಗೇ ಅರ್ಪಿಸಿದರು.

1909ರಲ್ಲಿ ಬ್ರಿಟಿಷ್ ಸರಕಾರ ಅರ್ನಾಲ್ಡರನ್ನು ಇಂಗ್ಲೆಂಡಿನಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಶೈಕ್ಷಣಿಕ ಸಲಹೆಗಾರರನ್ನಾಗಿ ನೇಮಿಸಿತು. 1920ರವರೆಗೆ ಅವರು ಈ ಕೆಲಸ ಮಾಡಿದರು. ಯಾವ ಕಾಲೇಜಿಗೆ ಸೇರಬೇಕು, ಎಲ್ಲಿ ಉಳಿಯಬೇಕು ಎಂದು ಹೇಳುವುದು, ಪಾಲಕರು ಬಯಸಿದರೆ ಮಕ್ಕಳ ಹೊಣೆ ಹೊರುವುದು ಆ ಕಚೇರಿಯ ಕೆಲಸ. ಆದರೆ ಅದು ರಾಜಕೀಯ ಬಿಸಿಯ ಕಾಲ. ಸ್ವಾತಂತ್ರ್ಯದ ಮಾತಾಡುವ ತಮ್ಮ ಮೇಲೆ ಕಣ್ಣಿಡಲೆಂದೇ ಸರಕಾರ ಈ ಕಚೇರಿ ತೆರೆದಿದೆ ಎಂದು ಅನೇಕ ವಿದ್ಯಾರ್ಥಿಗಳು ಸಂಶಯಪಟ್ಟರು. ಆ ಸಂಶಯ ಆಧಾರವಿಲ್ಲದ್ದೂ ಆಗಿರಲಿಲ್ಲ.

ಇಲ್ಲಿ ನಾನು ಬಹಳ ಹೊತ್ತು ಯೋಚಿಸಿದ್ದೇನೆ. ಮನುಷ್ಯ ಅವರೇ, ವಿದ್ಯೆ ಅದೇ, ಮನಸ್ಸೂ ಅದೇ. ಲಾಹೋರಿನ ಶಿಷ್ಯನಿಗೆ ತನ್ನ ಬದುಕಿನ ನಿರ್ಧಾರವನ್ನೇ ಅವರ ಕೈಗೆ ಒಪ್ಪಿಸುವಷ್ಟು ಭರವಸೆ, ಲಂಡನ್ನಿನ ಕಚೇರಿಗೆ ಬಂದ ಹುಡುಗರಿಗೆ ಅನುಮಾನ. ಕಾವಲಿನ ನೆರಳು ಬಿದ್ದ ಕಡೆ ಕಾಳಜಿಯನ್ನೂ ಮಕ್ಕಳು ನಂಬುವುದಿಲ್ಲ.

ಇದು ನೂರು ವರ್ಷದ ಹಿಂದಿನ ಮಾತೆನ್ನಬೇಡಿ. ನನ್ನ ವಿದ್ಯಾರ್ಥಿನಿಯೊಬ್ಬಳು, ಮುದ್ದೇಬಿಹಾಳದ ಹಳ್ಳಿಯವಳು, ದೂರದ ಪಟ್ಟಣದ ಕಾಲೇಜಿಗೆ ಸೇರಿದಳು. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ, ಅವಳಿಗೆ ತಿಳಿಯಲಿಲ್ಲ. ಸ್ಕಾಲರ್‌ಶಿಪ್ ಅರ್ಜಿಗೆ ಯಾರ ಸಹಿ ಬೇಕೆಂದು ಕೇಳಲು ಹೆದರಿದಳು, ಅಷ್ಟರಲ್ಲಿ ತಾರೀಖು ಮುಗಿಯಿತು. ಮನೆಗೆ ಹೇಳಿದರೆ ಓದು ಬಿಡಿಸುತ್ತಾರೆಂಬ ಭಯ ಬೇರೆ. ಮೂರೇ ತಿಂಗಳಲ್ಲಿ ಟ್ರಂಕು ಹೊತ್ತು ವಾಪಸಾದಳು. ಆ ಮೂರು ತಿಂಗಳೂ ಹಾಸ್ಟೆಲಿನ ಗೇಟು ಸಮಯಕ್ಕೆ ಸರಿಯಾಗಿಯೇ ಮುಚ್ಚಿತ್ತು! ಅದೇ ವರ್ಷ ಇಂಡಿಯ ಇನ್ನೊಬ್ಬ ಹುಡುಗಿ ಬೇರೊಂದು ಕಾಲೇಜಿನಲ್ಲಿ ಇಂಥದೇ ಕಷ್ಟಕ್ಕೆ ಸಿಕ್ಕಳು. ಅಲ್ಲಿ ಒಬ್ಬ ಉಪನ್ಯಾಸಕಿ ಅವಳ ಸಪ್ಪೆ ಮುಖ ನೋಡಿ ಪಕ್ಕದಲ್ಲಿ ಕೂರಿಸಿಕೊಂಡು, “ಏನಾಗೇತಿ ಹೇಳವಾ” ಎಂದರಂತೆ. ಆ ಹುಡುಗಿ ಇಂದು ಶಿಕ್ಷಕಿ.

ಹಾಗಾದರೆ ಆ ಇನ್ನೊಂದು ಪ್ರಶ್ನೆ ಯಾವುದು? “ನನ್ನ ಮಗಳು ಕಷ್ಟ ಬಂದರೆ ಹೆದರದೆ ಹೇಳಿಕೊಳ್ಳುವಂಥವರು ಅಲ್ಲಿ ಯಾರಿದ್ದಾರೆ?” ಕಾಲೇಜಿಗೆ ಸೇರಿಸಲು ಹೋದ ದಿನ ಫೀಸು ಕಟ್ಟಿ ಮರಳಿ ಬಸ್ಸು ಹತ್ತಬೇಡಿ. ಒಬ್ಬ ಉಪನ್ಯಾಸಕಿಯನ್ನಾದರೂ ಭೇಟಿಯಾಗಿ, ಮಗಳ ಹೆಸರು ಹೇಳಿ, ಅವರ ಹೆಸರು ಕೇಳಿಕೊಳ್ಳಿ. ಮಗಳಿಗೂ ಹೇಳಿ: ಯಾವ ಕಷ್ಟವೇ ಇರಲಿ, ನಮಗೆ ತಿಳಿಸಿದರೆ ಓದು ನಿಲ್ಲುವುದಿಲ್ಲ ಎಂದು. ಈ ಮಾತು ಕೊಟ್ಟರೆ ಉಳಿಸಿಕೊಳ್ಳಬೇಕು.

ಇನ್ನು ನಮ್ಮಲ್ಲಿಗೆ ಬರುವ ಮಕ್ಕಳು. ವಿಜಯಪುರದಲ್ಲಿ 2003ರಲ್ಲಿ ಆರಂಭವಾದ, ಈಗ ಅಕ್ಕಮಹಾದೇವಿಯ ಹೆಸರು ಹೊತ್ತಿರುವ ಮಹಿಳಾ ವಿಶ್ವವಿದ್ಯಾಲಯಕ್ಕೆ ಬೇರೆ ಬೇರೆ ಜಿಲ್ಲೆಗಳಿಂದ ಹೆಣ್ಣುಮಕ್ಕಳು ಬರುತ್ತಾರೆ. ಪರವೂರಿನವರನ್ನು ಬರಮಾಡಿಕೊಳ್ಳುವುದು ಈ ನೆಲಕ್ಕೆ ಹೊಸತಲ್ಲ. ಇರಾನಿನ ಕವಿ ಜುಹೂರಿ, ಇತಿಹಾಸಕಾರ ಫರಿಶ್ತಾ ಇಬ್ಬರಿಗೂ ಆದಿಲ್‌ಶಾಹಿ ಬಿಜಾಪುರ ನೆಲೆ ಕೊಟ್ಟಿತ್ತು. ನಿಮ್ಮ ಓಣಿಯ ಬಾಡಿಗೆ ಕೋಣೆಯಲ್ಲಿ ಅಂಥ ಹುಡುಗಿಯಿದ್ದರೆ, ಅವಳು ಯಾವ ಜಾತಿ, ಯಾವ ಧರ್ಮದವಳೇ ಆಗಿರಲಿ, ಹಬ್ಬದ ದಿನ ಊಟಕ್ಕೆ ಕರೆಯಿರಿ. ಜ್ವರ ಬಂದಾಗ ಗಂಜಿ ಕಳುಹಿಸಿ.

ಅರ್ನಾಲ್ಡ್ 1930ರ ಜೂನಿನಲ್ಲಿ ತೀರಿಕೊಂಡಾಗ ಇಕ್ಬಾಲರು ಅವರ ಪತ್ನಿಗೆ ದುಃಖದ ಪತ್ರ ಬರೆದರು. ಲಾಹೋರಿನ ತರಗತಿ ಬಿಟ್ಟು ಆಗಲೇ ಮೂವತ್ತು ವರ್ಷ ಕಳೆದಿತ್ತು. ಪರವೂರಿನಲ್ಲಿ ಕೈ ಹಿಡಿದವರನ್ನು ಮಕ್ಕಳು ಅಷ್ಟು ಕಾಲ ನೆನೆಯುತ್ತಾರೆ.