ಎಂ.ಜಿ. ರಸ್ತೆಯ ಬಡಗಣ ಬದಿ

ಬೆಂಗಳೂರಿನ ಎಂ.ಜಿ. ರಸ್ತೆಯ ಮೆಟ್ರೊ ಕಂಬಗಳಿರುವ ಕಡೆ ಮೊದಲು ಏನಿತ್ತು ಎಂದು ಈಗಿನ ಹುಡುಗರು ಕೇಳುತ್ತಾರೆ. ಅಲ್ಲಿ ಬುಲೆವಾರ್ಡ್ ಇತ್ತು. ಅಂಗಡಿಸಾಲೆಲ್ಲ ತೆಂಕಣ ಬದಿಗೆ. ಬಡಗಣ ಬದಿಯಲ್ಲಿ, ಪರೇಡ್ ಮೈದಾನದ ಪಕ್ಕ, ಮರಗಳಡಿ ಉದ್ದಕ್ಕೂ ಕಾಲುದಾರಿ, ಅದರ ಮೇಲೆ ಹಬ್ಬಿದ ಕಾಗದದ ಹೂವು. ಒಣಗಿದರೂ ಬಣ್ಣ ಬಿಡದ ಆ ಎಸಳುಗಳು ಗಾಳಿ ಬೀಸಿದಾಗ ನೆಲದ ಮೇಲೆ ಸರಸರನೆ ಸರಿಯುತ್ತಿದ್ದವು. ರಸ್ತೆ ದಾಟಿದರೆ ಇಂಡಿಯಾ ಕಾಫಿ ಹೌಸ್, ಪೇಟ ಸುತ್ತಿದ ಮಾಣಿಗಳು, ಬಾಗಿಲಲ್ಲೇ ಮೂಗಿಗೆ ಬಡಿಯುವ ಕಾಫಿಯ ಘಮ. ಜೇಬಿನಲ್ಲಿ ಒಂದು ಕಾಫಿಗಾಗುವಷ್ಟು ಇದ್ದವರು ಅಲ್ಲಿ ಕೂರುತ್ತಿದ್ದರು, ಇಲ್ಲದವರು ಎದುರು ಬದಿಯಲ್ಲಿ. ಒಂದು ಬದಿ ವ್ಯಾಪಾರಕ್ಕೆ, ಇನ್ನೊಂದು ಬದಿ ಏನೂ ಕೊಳ್ಳದವರಿಗೆ. ಆ ರಸ್ತೆಯ ಸೊಗಸೆಲ್ಲ ಈ ಹೊಂದಾಣಿಕೆಯಲ್ಲಿತ್ತು. ಕಾಸು ಬಿಚ್ಚದೆ, ಕಾರಣ ಹೇಳದೆ ಎಷ್ಟು ಹೊತ್ತು ಕೂರಬಹುದು ಎಂಬುದರಿಂದಲೇ ನಾನು ಊರಿನ ಸಾರ್ವಜನಿಕ ಜಾಗವನ್ನು ಅಳೆಯುತ್ತೇನೆ.

ಮೆಟ್ರೊಗಾಗಿ ಆ ಬುಲೆವಾರ್ಡ್ ಹೋಯಿತು. ಹಾಗಾದರೆ ಮೆಟ್ರೊ ಬೇಡವಾಗಿತ್ತೆ? ಖಂಡಿತ ಬೇಕಿತ್ತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಇಲ್ಲಿಗೆ ಓಡಿದ ರೈಲೂ ಸಾರ್ವಜನಿಕರ ಸೊತ್ತೇ. ಬುಲೆವಾರ್ಡನ್ನು ಸ್ವರ್ಗವೆಂದು ಬಣ್ಣಿಸುವುದೂ ತಪ್ಪು. ಕತ್ತಲಾದ ಮೇಲೆ ಒಂಟಿ ಹೆಂಗಸರು ಅತ್ತ ಸುಳಿಯಲು ಹಿಂಜರಿಯುತ್ತಿದ್ದರು, ಮೂಲೆಗಳು ನಾರುತ್ತಿದ್ದವು. ಆದರೆ ಅದಕ್ಕೆ ಬೇಕಾಗಿದ್ದದ್ದು ನಾಲ್ಕು ದೀಪ, ಒಂದು ಶೌಚಾಲಯ. ಮರಗಳು ಮಾಡಿದ ತಪ್ಪೇನು? ಇದೇ ಮಾರ್ಗ ಎಂ.ಜಿ. ರಸ್ತೆ ನಿಲ್ದಾಣ ದಾಟುತ್ತಲೇ ನೆಲದೊಳಕ್ಕೆ ಇಳಿದು ಕಬ್ಬನ್ ಪಾರ್ಕ್, ವಿಧಾನಸೌಧಗಳನ್ನು ಹಾಯುತ್ತದೆ. ಸುರಂಗಕ್ಕೆ ದುಡ್ಡು ಹೆಚ್ಚು, ಒಪ್ಪುತ್ತೇನೆ. ಆ ಲೆಕ್ಕದಲ್ಲಿ ಸಿಮೆಂಟಿಗೆ, ಕಬ್ಬಿಣಕ್ಕೆ ಬೆಲೆಯಿತ್ತು, ನೆರಳಿಗೆ ಇರಲಿಲ್ಲ.

ಕಳೆದುಕೊಂಡದ್ದನ್ನು ತಿರುಗಿ ಕೊಟ್ಟಿದ್ದೇವೆ ಎನ್ನುವವರು 2013ರಲ್ಲಿ ಅಲ್ಲೇ ತೆರೆದ ರಂಗೋಲಿ ಮೆಟ್ರೊ ಕಲಾ ಕೇಂದ್ರವನ್ನು ತೋರಿಸುತ್ತಾರೆ. ರಂಗಸ್ಥಳದಲ್ಲಿ ನಾಟಕವಾಗುತ್ತದೆ, ಗೋಡೆಗಳ ಮೇಲೆ ಚಿತ್ರಗಳು ತೂಗುತ್ತವೆ. ಅದು ಈ ಊರಿಗೆ ನಿಜವಾದ ಲಾಭ. ಆದರೂ ಕಾರ್ಯಕ್ರಮಕ್ಕೆ ಕಟ್ಟಿದ ಜಾಗಕ್ಕೆ ಜನರನ್ನು ಕರೆಯಲು ಕಾರ್ಯಕ್ರಮವೇ ಬೇಕು. ಮಧ್ಯಾಹ್ನ ಎರಡು ಗಂಟೆಗೆ ಸುಮ್ಮನೆ ಕಾಲು ಚಾಚಲು ಬಂದ ಮುದುಕ ಅಲ್ಲಿ ಪ್ರೇಕ್ಷಕನೂ ಅಲ್ಲ, ಪ್ರಯಾಣಿಕನೂ ಅಲ್ಲ. ನಕ್ಷೆ ಬರೆದವರಿಗೆ ಆತ ಕಾಣಲೇ ಇಲ್ಲ ಎಂಬುದು ನನ್ನ ಸಿಟ್ಟು. ಕಾಫಿ ಹೌಸೂ 2009ರಲ್ಲೇ ಚರ್ಚ್ ಸ್ಟ್ರೀಟಿಗೆ ಹೋಯಿತು. ಈಗ ಊರಿನ ನಾಲ್ಕೂ ದಿಕ್ಕಿಗೆ ಹೊಸ ಮೆಟ್ರೊ ಕಂಬಗಳು ಏಳುತ್ತಿವೆ. ಪ್ರತಿ ನಿಲ್ದಾಣದ ಬುಡದಲ್ಲಿ ಟಿಕೆಟ್ಟಿಲ್ಲದವರೂ ಕೂರಬಹುದಾದ ಕಲ್ಲುಬೆಂಚು, ಅದಕ್ಕೊಂದು ಹೊಂಗೆ ಮರ: ಇಷ್ಟನ್ನು ಟೆಂಡರಿನಲ್ಲೇ ಬರೆಯಬಹುದು.