ಸಿಮೆಂಟಿನ ಊರಿನಲ್ಲಿ ಯೂನಿಟ್ಟಿನ ಲೆಕ್ಕ

ಕಲಬುರಗಿ ಬಿಟ್ಟ ರೈಲು ಶಹಾಬಾದಿನ ಕಲ್ಲುಗಣಿಗಳನ್ನು ಹಿಂದೆ ಹಾಕಿ ದಕ್ಷಿಣಕ್ಕೆ ಓಡತೊಡಗಿದರೆ ಸ್ವಲ್ಪ ಹೊತ್ತಿನಲ್ಲೇ ವಾಡಿ ಜಂಕ್ಷನ್ ಬರುತ್ತದೆ. ಊರಿಗಿಂತ ಮೊದಲು ಕಣ್ಣಿಗೆ ಬೀಳುವುದು ಸಿಮೆಂಟ್ ಕಾರ್ಖಾನೆಯ ಎತ್ತರದ ಗೋಪುರ. ಇಲ್ಲಿಂದ ಒಂದು ಹಳಿ ಯಾದಗಿರಿ, ರಾಯಚೂರುಗಳ ಮೇಲೆ ಹಾದು ಚೆನ್ನೈಗೆ ಹೋಗುತ್ತದೆ. ಇನ್ನೊಂದು ಚಿತ್ತಾಪುರ, ಸೇಡಂ, ತಾಂಡೂರುಗಳ ಮೇಲೆ ಸಿಕಂದರಾಬಾದಿಗೆ. ಮುಂಬೈ ಕಡೆಯ ಹಳಿ ಮತ್ತು ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ನಿಜಾಮರ ರೈಲು ವಾಡಿಯನ್ನು ಸಿಕಂದರಾಬಾದಿಗೆ ಜೋಡಿಸಿದ್ದು 1874ರಲ್ಲಿ. ಅಂದಿನಿಂದಲೂ ವಾಡಿ ಎಂದರೆ ಗಾಡಿ ಬದಲಿಸುವ ಜಾಗ. ಪ್ಲಾಟ್‌ಫಾರ್ಮಿನ ಮೇಲೆ ಚಹಾ ಕುಡಿದು ಮುಂದಿನ ಗಾಡಿ ಹತ್ತುವವರೇ ಹೆಚ್ಚು. ಊರೊಳಗೆ ಹೊಕ್ಕು ನೋಡುವವರು ಕಡಿಮೆ.

ಆದರೆ ವಿಜ್ಞಾನ ಓದುವ ಮಕ್ಕಳಿಗೆ ವಾಡಿಯಷ್ಟು ಒಳ್ಳೆಯ ಪ್ರಯೋಗಶಾಲೆ ಈ ಸೀಮೆಯಲ್ಲಿ ಇನ್ನೊಂದಿಲ್ಲ.

ಭೀಮಾ ಮತ್ತು ಕಾಗಿಣಾ ನದಿಗಳ ಈ ನೆಲದ ಕೆಳಗೆ ಸುಣ್ಣದ ಕಲ್ಲು ಪದರ ಪದರವಾಗಿ ಹಾಸಿದೆ. ಪದರಗಳನ್ನು ಹಾಗೆಯೇ ಬಿಡಿಸಿ ತೆಗೆದರೆ ಅದು ದೇಶದ ಅರ್ಧದಷ್ಟು ಮನೆಗಳ ಹಜಾರ ಕಂಡಿರಬಹುದಾದ ಶಹಾಬಾದ್ ಫರ್ಸಿ. ಪುಡಿ ಮಾಡಿ ಸುಟ್ಟರೆ ಸಿಮೆಂಟು. ವಾಡಿಯಲ್ಲಿ ಎ.ಸಿ.ಸಿ. ಕಾರ್ಖಾನೆ 1968ರಲ್ಲಿ ಆರಂಭವಾಯಿತು. 2022ರಲ್ಲಿ ಆ ಕಂಪನಿ ಅದಾನಿ ಸಮೂಹದ ಪಾಲಾಯಿತು. ಸುತ್ತಮುತ್ತ ಮಳಖೇಡ, ಸೇಡಂ, ಇಟಗಾ, ಕೋಡ್ಲಾಗಳಲ್ಲೂ ಸಿಮೆಂಟಿನ ಚಿಮಣಿಗಳು ಎದ್ದವು.

ಸುಣ್ಣದ ಕಲ್ಲು ಸಿಮೆಂಟಾಗಬೇಕಾದರೆ ತಿರುಗುವ ಗೂಡಿನೊಳಗೆ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ಕಬ್ಬಿಣವನ್ನು ಕರಗಿಸಲು ಬೇಕಾಗುವ ಶಾಖಕ್ಕೆ ಇದು ಬಹಳ ಕಡಿಮೆಯೇನಲ್ಲ. ಕಲ್ಲನ್ನು ಪುಡಿ ಮಾಡಲು, ಗೂಡನ್ನು ತಿರುಗಿಸಲು, ಗಾಳಿ ಊದಲು ವಿದ್ಯುತ್ತು ಬೇರೆ. ಒಂದು ಟನ್ ಸಿಮೆಂಟಿಗೆ ನಮ್ಮ ದೇಶದಲ್ಲಿ ಹೆಚ್ಚು ಕಡಿಮೆ 80 ಯೂನಿಟ್ ವಿದ್ಯುತ್ತು ಬೇಕು. ಒಂದು ಸಾಧಾರಣ ಮನೆಯ ತಿಂಗಳ ಬಳಕೆ ಇದು!

ಕಾಂಪೌಂಡಿನ ಒಳಗಿನ ಪಂದ್ಯ

ಇಷ್ಟು ಶಕ್ತಿ ನುಂಗುವ ಕಾರ್ಖಾನೆಗಳು ಅದನ್ನು ಉಳಿಸಲು ಪೈಪೋಟಿ ನಡೆಸುತ್ತವೆ ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಕೇಂದ್ರದ ವಿದ್ಯುತ್ ಸಚಿವಾಲಯ 1991ರಿಂದಲೇ ಶಕ್ತಿ ಉಳಿತಾಯಕ್ಕೆ ರಾಷ್ಟ್ರಪ್ರಶಸ್ತಿಗಳನ್ನು ಆರಂಭಿಸಿತು. 2001ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆ ಬಂತು. 2012ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಸಿಮೆಂಟೂ ಸೇರಿದಂತೆ ಎಂಟು ಉದ್ಯಮಗಳ ದೊಡ್ಡ ಕಾರ್ಖಾನೆಗಳಿಗೆ ಗುರಿ ಗೊತ್ತುಪಡಿಸಲಾಯಿತು. ಒಂದು ಟನ್ ಮಾಲಿಗೆ ಇಷ್ಟು ಶಕ್ತಿ ಖರ್ಚಾಗುತ್ತಿತ್ತು, ಮೂರು ವರ್ಷದಲ್ಲಿ ಇಷ್ಟಕ್ಕೆ ಇಳಿಯಬೇಕು ಎಂಬುದೇ ಆ ಗುರಿ. ಗುರಿ ಮೀರಿ ಉಳಿಸಿದವರಿಗೆ ಪ್ರಮಾಣಪತ್ರ. ಅದನ್ನು ಅವರು ಮಾರಬಹುದಿತ್ತು. ಗುರಿ ಮುಟ್ಟದವರು ಅದನ್ನು ಕೊಳ್ಳಬೇಕಿತ್ತು.

ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪ್ರತಿ ಕಾರ್ಖಾನೆಯ ಗುರಿಯನ್ನು ಅದರ ಸ್ವಂತ ಹಿಂದಿನ ಬಳಕೆಯಿಂದಲೇ ಲೆಕ್ಕ ಹಾಕಲಾಯಿತು. ಹಳೆಯ ಯಂತ್ರದವನನ್ನು ಹೊಸ ಯಂತ್ರದವನ ಜೊತೆ ಓಡಿಸಲಿಲ್ಲ. ಓಟ ತನ್ನ ಜೊತೆ ತನಗೇ.

ಕಾಂಪೌಂಡಿನ ಹೊರಗೆ

ಇನ್ನು ಹೊರಗಿನ ಓಣಿಗಳಿಗೆ ಬರೋಣ. 2023ರ ಆಗಸ್ಟ್ 5ರಂದು ಗೃಹಜ್ಯೋತಿ ಯೋಜನೆಗೆ ಚಾಲನೆ ದೊರೆತದ್ದು ನಮ್ಮ ಕಲಬುರಗಿಯಲ್ಲೇ. ತಿಂಗಳಿಗೆ 200 ಯೂನಿಟ್ ಮೀರದ ಮನೆಗಳಿಗೆ ಅವುಗಳ ಹಿಂದಿನ ವರ್ಷದ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇಕಡ 10ರಷ್ಟು ಉಚಿತ ಎಂಬುದು ಮೊದಲ ನಿಯಮ. 2024ರಲ್ಲಿ ಕಡಿಮೆ ಬಳಕೆಯ ಮನೆಗಳಿಗೆ ಆ ಶೇಕಡ 10ರ ಬದಲು 10 ಯೂನಿಟ್ ಎಂದಾಯಿತು. ಬಡ ಮನೆಗಳಿಗೆ ಇದು ದೊಡ್ಡ ಆಸರೆ. ಬೇಸಿಗೆಯಲ್ಲಿ ಪಾದರಸ 42 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ಫ್ಯಾನು ತಿರುಗುವುದು ಶೋಕಿಯಲ್ಲ, ಜೀವದ ಪ್ರಶ್ನೆ.

ಆದರೆ ಬಿಲ್ಲು ಸೊನ್ನೆಯಾದ ಮನೆಯಲ್ಲಿ ಮಕ್ಕಳಿಗೆ "ಲೈಟ್ ಆರಿಸು" ಎಂದು ಹೇಳಲು ಪಾಲಕರ ಬಳಿ ಉಳಿದಿರುವ ಕಾರಣವಾದರೂ ಏನು? ಇದು ಸುಲಭದ ಪ್ರಶ್ನೆಯಲ್ಲ. ಉತ್ತರ ರೈಲು ಹಳಿಯ ಮೇಲೆಯೇ ಇದೆ. ಕೃಷ್ಣಾ ತೀರದ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ಕೇಂದ್ರ 1985ರಿಂದ ಕಲ್ಲಿದ್ದಲು ಸುಟ್ಟು ವಿದ್ಯುತ್ತು ಮಾಡುತ್ತಿದೆ. ಅಂಥ ಕೇಂದ್ರದಲ್ಲಿ ಒಂದು ಯೂನಿಟ್‌ಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. ಒಂದು ಮನೆ ತಿಂಗಳಿಗೆ 10 ಯೂನಿಟ್ ಉಳಿಸಿತೆನ್ನಿ. ಸಾವಿರ ಮನೆಗಳಿಂದ ವರ್ಷಕ್ಕೆ 84 ಟನ್. ಗೂಡ್ಸ್ ಗಾಡಿಯ ಒಂದು ವ್ಯಾಗನ್ ಹೊರುವುದು ಹೆಚ್ಚು ಕಡಿಮೆ 60 ಟನ್ ತಾನೆ? ಬಿಲ್ಲು ಸೊನ್ನೆಯಾಗಬಹುದು, ಕಲ್ಲಿದ್ದಲು ಸೊನ್ನೆಯಾಗುವುದಿಲ್ಲ. ಅದರ ಬೆಲೆಯನ್ನು ಸರ್ಕಾರದ ಬೊಕ್ಕಸ ಕಟ್ಟುತ್ತದೆ, ಅಂದರೆ ನಾವೇ ಕಟ್ಟುತ್ತೇವೆ.

ತಿಂಗಳಿಗೆ 10 ಯೂನಿಟ್ ಉಳಿಸುವುದು ಕಷ್ಟವೇ? 60 ವ್ಯಾಟ್‌ನ ಹಳೆಯ ತಂತಿ ಬಲ್ಬಿನ ಜಾಗಕ್ಕೆ 9 ವ್ಯಾಟ್‌ನ ಎಲ್‌ಇಡಿ ಹಾಕಿ ದಿನಕ್ಕೆ ಐದು ತಾಸು ಉರಿಸಿದರೆ ಏಳೂವರೆ ಯೂನಿಟ್ ಉಳಿಯಿತು. 75 ವ್ಯಾಟ್‌ನ ಹಳೆಯ ಫ್ಯಾನಿನ ಬದಲು 30 ವ್ಯಾಟ್‌ನ ಹೊಸ ಬಗೆಯದು ದಿನಕ್ಕೆ ಎಂಟು ತಾಸು ತಿರುಗಿದರೆ ಹತ್ತು ಯೂನಿಟ್ ಮೀರುತ್ತದೆ. ಗಾಳಿ ಅಷ್ಟೇ, ಖರ್ಚು ಅರ್ಧಕ್ಕಿಂತ ಕಡಿಮೆ.

ಐವತ್ತು ಊರುಗಳ ಓಟ

ಇಡೀ ಊರೇ ಸೇರಿ ಇಂಥ ಪಂದ್ಯ ಆಡಿದ ಉದಾಹರಣೆ ಅಮೆರಿಕದಲ್ಲಿದೆ. ಜಾರ್ಜ್‌ಟೌನ್ ವಿಶ್ವವಿದ್ಯಾಲಯ 50 ಲಕ್ಷ ಡಾಲರ್‌ವರೆಗಿನ ಬಹುಮಾನ ಸಾರಿ ಸಣ್ಣ, ಮಧ್ಯಮ ಊರುಗಳನ್ನು ಕರೆಯಿತು. 5 ಸಾವಿರದಿಂದ ಎರಡೂವರೆ ಲಕ್ಷದವರೆಗೆ ಜನಸಂಖ್ಯೆ ಇರುವ ಊರುಗಳಿಗಷ್ಟೇ ಪ್ರವೇಶ. ಮೂವತ್ತು ಸಾವಿರ ಮೀರಿದ ನಮ್ಮ ವಾಡಿಯ ಅಳತೆಯ ಊರುಗಳೆನ್ನಿ. 50 ಊರುಗಳು 2015 ಮತ್ತು 2016ರಲ್ಲಿ ಎರಡು ವರ್ಷ ಪೈಪೋಟಿ ನಡೆಸಿದವು. 2017ರ ಡಿಸೆಂಬರಿನಲ್ಲಿ ಗೆಲುವು ಉತ್ತರ ಡಕೋಟಾದ ಫಾರ್ಗೊ ನಗರಕ್ಕೆ ಒಲಿಯಿತು. ಅಲ್ಲಿ ಶಾಲಾ ಮಕ್ಕಳನ್ನು ಆಟದ ಮೂಲಕವೇ ಪಂದ್ಯದೊಳಕ್ಕೆ ಎಳೆದಿದ್ದರು.

ಈ ಪಂದ್ಯದ ಒಂದು ಷರತ್ತು ನಮಗೆ ಮುಖ್ಯ. ಸ್ಥಳೀಯ ಆಡಳಿತ, ವಿದ್ಯುತ್ ಕಂಪನಿ ಮತ್ತು ಊರಿನ ಸಂಘ ಸಂಸ್ಥೆಗಳು ಮೂರೂ ಬೆಂಬಲಿಸುತ್ತೇವೆಂದು ಒಪ್ಪಬೇಕಿತ್ತು. ಲೆಕ್ಕಕ್ಕೆ ಹಿಡಿದದ್ದು ಕಾರ್ಖಾನೆಗಳನ್ನಲ್ಲ. ಮನೆಗಳನ್ನು, ಶಾಲೆಗಳನ್ನು, ನಗರಾಡಳಿತದ ಕಟ್ಟಡಗಳನ್ನು. ಅಂದರೆ ನಗರಾಡಳಿತ ಬರೀ ಬಹುಮಾನ ಹಂಚುವ ಅತಿಥಿಯಲ್ಲ, ಓಟದಲ್ಲಿ ತಾನೂ ಒಬ್ಬ ಸ್ಪರ್ಧಿ.

ನಮ್ಮ ನೆರೆಯಲ್ಲೂ ಮಾದರಿಯಿದೆ. ಕಾಸರಗೋಡು ಜಿಲ್ಲೆಯ ಪೀಲಿಕ್ಕೋಡು ಗ್ರಾಮ ಪಂಚಾಯಿತಿ ಕಳೆದ ದಶಕದಲ್ಲಿ ಮನೆ ಮನೆಯ ತಂತಿ ಬಲ್ಬುಗಳನ್ನು ತೆಗೆಸಿ ಎಲ್‌ಇಡಿ ಹಾಕಿಸಿ ಹೆಸರಾಯಿತು. ಕೆಲಸ ಮಾಡಿದ್ದು ದೊಡ್ಡ ನಗರವಲ್ಲ, ಒಂದು ಪಂಚಾಯಿತಿ.

ಪುರಸಭೆ ಮಾಡಬಹುದಾದದ್ದು

ವಾಡಿಯಂಥ ಊರಿನಲ್ಲಿ ವಾರ್ಡು ವಾರ್ಡುಗಳ ನಡುವೆ ಇಂಥ ಪಂದ್ಯ ನಡೆಸಲು ಬೇಕಾದ ಸಾಮಗ್ರಿ ಹೊಸದಾಗಿ ತರಬೇಕಿಲ್ಲ. ಗೃಹಜ್ಯೋತಿಯ ದೆಸೆಯಿಂದ ಪ್ರತಿ ಮನೆಯ ಹಿಂದಿನ ಸರಾಸರಿ ಜೆಸ್ಕಾಂ ಬಳಿ ಇದೆ. ಮನೆಯ ಹೆಸರು ಹೇಳದೆ, ವಾರ್ಡಿನ ಒಟ್ಟು ಯೂನಿಟ್ ಮಾತ್ರ ತಿಂಗಳಿಗೊಮ್ಮೆ ಪುರಸಭೆಯ ಫಲಕದ ಮೇಲೆ ಬರೆದರೆ ಸಾಕು. ಹೋಲಿಕೆ ವಾರ್ಡಿನ ಹಿಂದಿನ ವರ್ಷದ ಅದೇ ತಿಂಗಳಿನ ಜೊತೆ. ಏಪ್ರಿಲ್ಲನ್ನು ಡಿಸೆಂಬರಿನ ಜೊತೆ ತೂಗಿದರೆ ಅದು ವಿಜ್ಞಾನವಾಗದು.

ಎರಡನೆಯದು, ಪುರಸಭೆ ಮೊದಲು ತನ್ನ ಮನೆ ನೋಡಿಕೊಳ್ಳಬೇಕು. ಬೀದಿದೀಪ ಮತ್ತು ನೀರಿನ ಪಂಪು ಇವೆರಡೇ ಯಾವುದೇ ಪುರಸಭೆಯ ವಿದ್ಯುತ್ ಖರ್ಚಿನ ದೊಡ್ಡ ಬಾಬತ್ತು. ಹಗಲು ಹನ್ನೆರಡಕ್ಕೆ ಬೀದಿದೀಪ ಉರಿಯುವ ಊರಿನಲ್ಲಿ ಜನರಿಗೆ ಉಳಿತಾಯದ ಉಪದೇಶ ಯಾರಿಗೂ ರುಚಿಸದು. ಸೋರುವ ನಲ್ಲಿಯೂ ಸೋರುವ ವಿದ್ಯುತ್ತೇ. ಆ ನೀರನ್ನು ಮೇಲೆತ್ತಿದ್ದು ಪಂಪು.

ಮೂರನೆಯದು, ಮಾಳಿಗೆ. ಈ ಸೀಮೆಯ ಕಲ್ಲಿನ ಮತ್ತು ಸಿಮೆಂಟಿನ ಮಾಳಿಗೆಗಳು ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಕಾರುತ್ತವೆ. ಮೇಲೆ ಬಿಳಿ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂದಕ್ಕೆ ಹೋಗುತ್ತದೆ, ಕೋಣೆಯ ಬಿಸಿ ತಗ್ಗುತ್ತದೆ. ವಾಡಿಯ ಹಳಿ ಹೋಗಿ ಮುಟ್ಟುವ ತೆಲಂಗಾಣ ರಾಜ್ಯ 2023ರಲ್ಲಿ ತಂಪು ಮಾಳಿಗೆಗಳಿಗಾಗಿಯೇ ಒಂದು ನೀತಿ ತಂದಿತು. ಸುಣ್ಣದ ಕಲ್ಲಿನ ಮೇಲೆಯೇ ಕೂತಿರುವ ನಮಗೆ ಸುಣ್ಣಕ್ಕೆ ಬರವೇ?

ಒಂದು ಎಚ್ಚರಿಕೆ ಮಾತ್ರ ಬೇಕು. ಒಂದು ದೀಪ, ಒಂದು ಫ್ಯಾನು ಇರುವ ಗುಡಿಸಲನ್ನು ಈ ಓಟಕ್ಕೆ ಎಳೆಯಬಾರದು. ಕತ್ತಲಲ್ಲಿ ಕೂತು ಯೂನಿಟ್ ಕಡಿಮೆ ಮಾಡುವುದು ಉಳಿತಾಯವಲ್ಲ, ಕೊರತೆ. ಅದೇ ಬೆಳಕು, ಅದೇ ಗಾಳಿ, ಕಡಿಮೆ ಶಕ್ತಿ: ಇದಕ್ಕೆ ಮಾತ್ರ ಉಳಿತಾಯವೆನ್ನಬೇಕು. ಹುಡುಗಿಯೊಬ್ಬಳು ಪರೀಕ್ಷೆಗೆ ಓದುವ ದೀಪವನ್ನು ಆರಿಸಿ ಗೆದ್ದ ಬಹುಮಾನ ಊರಿಗೆ ಶೋಭೆಯಲ್ಲ.

ಡಿಸೆಂಬರ್ 14 ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ. ಇದರ ಅಂಗವಾಗಿ 2005ರಲ್ಲಿ ಶಾಲಾ ಮಕ್ಕಳ ರಾಷ್ಟ್ರಮಟ್ಟದ ಚಿತ್ರಕಲಾ ಸ್ಪರ್ಧೆ ಶುರುವಾಯಿತು. ಬಲ್ಬು, ಸೂರ್ಯ, ಹಸಿರು ಭೂಮಿಯ ಚಂದದ ಚಿತ್ರಗಳನ್ನು ನಮ್ಮ ಮಕ್ಕಳು ಬರೆಯುತ್ತಾರೆ. ಬರೆಯಲಿ. ಆದರೆ ಚಿತ್ರಕ್ಕೆ ಸಿಕ್ಕ ಬಹುಮಾನದಿಂದ ಮೀಟರು ನಿಧಾನವಾಗುವುದಿಲ್ಲ. ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಪುರಸಭೆಯ ಪಂದ್ಯ ಬರುವವರೆಗೆ ಕಾಯಬೇಡಿ. ಬಾಗಿಲ ಬಳಿಯ ಮೀಟರಿನ ಅಂಕಿಯನ್ನು ಪ್ರತಿ ಭಾನುವಾರ ಒಂದೇ ಹೊತ್ತಿಗೆ ನೋಟುಬುಕ್ಕಿನಲ್ಲಿ ಬರೆಯಿರಿ. ಹಿಂದಿನ ವಾರದ ಅಂಕಿ ಕಳೆಯಿರಿ. ಹೆಚ್ಚಾಯಿತೇ? ಏಕೆ ಎಂದು ಮನೆಯವರೆಲ್ಲ ಕೂತು ಹುಡುಕಿ. ಪಾಲಕರು ಈ ಲೆಕ್ಕಕ್ಕೆ ಐದು ನಿಮಿಷ ಕೊಡಲಿ. ನಾಲ್ಕು ವಾರದ ಅಂಕಿ ಕೈಯಲ್ಲಿದ್ದರೆ ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಲು ನಿಮಗೊಂದು ಒಳ್ಳೆಯ ಪ್ರಶ್ನೆ ಇರುತ್ತದೆ: "ನಮ್ಮ ಮನೆಯ ಲೆಕ್ಕ ಇಲ್ಲಿದೆ, ಪುರಸಭೆಯ ಲೆಕ್ಕ ಎಲ್ಲಿದೆ?"